ಅಂಗಡಿ ನಮ್ಮದು, ಕೀಲಿಕೈ ಯಾರದ್ದು?

ಬಕ್ರೀದ್ ಕಳೆದು ಎರಡು ವಾರ ಆಗಿತ್ತು. ಮಂಗಳೂರಿನ ಬಂದರಿನಲ್ಲಿ ಖರ್ಜೂರ, ಒಣಹಣ್ಣು ಮಾರುವ ಹಳೇ ಅಂಗಡಿಯೊಂದರ ವೆಬ್‌ಸೈಟ್ ತೆರೆದು ನೋಡಿದರೆ ಮೇಲ್ಗಡೆ ಹಸಿರು ಪಟ್ಟಿಯಲ್ಲಿ ‘ರಮಝಾನ್ ವಿಶೇಷ ದರ’ ಎಂದು ಇನ್ನೂ ಇತ್ತು. ಅದೂ ಈ ವರ್ಷದ ರಮಝಾನ್ ಅಲ್ಲ, ಹೋದ ವರ್ಷದ್ದು. ಕೆಳಗೆ ಕೊಟ್ಟ ನಂಬರಿಗೆ ಕರೆ ಮಾಡಿದೆವು. ಆ ನಂಬರ್ ಚಾಲ್ತಿಯಲ್ಲೇ ಇಲ್ಲ. ಹಾಗಾಗಿ ನಡೆದೇ ಅಂಗಡಿಗೆ ಹೋದೆವು.

ಗಲ್ಲದಲ್ಲಿ ಕುಳಿತಿದ್ದ ಯಜಮಾನರನ್ನು ಆ ಬೀದಿಯಲ್ಲಿ ಎಲ್ಲರೂ ‘ಕಾಕ’ ಎಂದೇ ಕರೆಯುವುದು. ವಿಷಯ ಹೇಳಿದ ಕೂಡಲೇ ಅವರು ತಲೆ ಚಚ್ಚಿಕೊಂಡರು. “ಎಂತ ಮಾಡುವುದು ಮಾರಾಯ್ರೇ, ಅದನ್ನು ಮಾಡಿಕೊಟ್ಟ ಹುಡುಗ ಜುಬೈಲ್‌ಗೆ ಹೋಗಿದ್ದಾನೆ. ಒಂದು ನಂಬರ್ ಬದಲಿಸಬೇಕಾದರೂ ಅವನೇ ಆಗಬೇಕು. ಫೋನ್ ಮಾಡಿದರೆ ಡ್ಯೂಟಿಯಲ್ಲಿದ್ದೇನೆ ಕಾಕ, ರೂಮಿಗೆ ಹೋಗಿ ನೋಡ್ತೇನೆ ಅಂತಾನೆ. ಒಳ್ಳೆಯ ಹುಡುಗನೇ. ಆದರೆ ಅವನಿಗೂ ಅವನ ಕಷ್ಟ ಉಂಟು.”

ನಷ್ಟ ಬರೀ ನಗೆಪಾಟಲಿನದ್ದಲ್ಲ. ದಮ್ಮಾಮ್‌ನಲ್ಲಿರುವ ಹಳೇ ಗಿರಾಕಿಯೊಬ್ಬರು ಊರಿನಲ್ಲಿ ಮಗಳ ನಿಕಾಹ್ ಇಟ್ಟುಕೊಂಡಿದ್ದರು. ಬಂದವರಿಗೆಲ್ಲ ಕೊಡಲಿಕ್ಕೆ ಖರ್ಜೂರದ ಸಣ್ಣ ಪೆಟ್ಟಿಗೆಗಳು ಬೇಕಿದ್ದವು. ವೆಬ್‌ಸೈಟಿನ ನಂಬರಿಗೆ ಎರಡು ದಿನ ಕರೆ ಮಾಡಿ, ಅಂಗಡಿ ಮುಚ್ಚಿರಬೇಕೆಂದು ಭಾವಿಸಿ ಬೇರೆ ಕಡೆ ಆರ್ಡರ್ ಕೊಟ್ಟರು. ಕಾಕನಿಗೆ ಅದು ಗೊತ್ತಾದದ್ದು ಅದೇ ನಿಕಾಹ್‌ನ ಊಟದ ಪಂಕ್ತಿಯಲ್ಲಿ, ಬೇರೆ ಅಂಗಡಿಯ ಹೆಸರಿದ್ದ ಪೆಟ್ಟಿಗೆ ಕೈಗೆ ಬಂದಾಗ. ಮೂವತ್ತು ವರ್ಷದ ಗಿರಾಕಿ. ಅವರು ಅದನ್ನು ನಮಗೆ ಎರಡು ಸಲ ಹೇಳಿದರು.

ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’, ಅಂದರೆ ವ್ಯಾಪಾರದಿಂದ ಬಂದದ್ದು ಎನ್ನುವವರುಂಟು. ಬಂದರಿನ ಲೆಕ್ಕದ ಪುಸ್ತಕವನ್ನು ಬೇರೆಯವರ ಮನೆಯಲ್ಲಿಟ್ಟು ಯಾರಾದರೂ ವ್ಯಾಪಾರ ಮಾಡಿದ್ದುಂಟಾ? ವೆಬ್‌ಸೈಟಿನ ವಿಷಯದಲ್ಲಿ ಮಾತ್ರ ನಮ್ಮ ಎಷ್ಟೋ ಅಂಗಡಿಗಳು ಅದನ್ನೇ ಮಾಡುತ್ತಿವೆ. ಈ ವಾರ ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯೋಣ ಅನ್ನಿಸಿತು.

ಮೊದಲ ಕಾಲದಲ್ಲಿ ವೆಬ್‌ಸೈಟ್ ಅಂದರೆ ಒಂದೊಂದು ಪುಟವನ್ನೂ ಕೋಡ್‌ನಲ್ಲಿ ಬರೆದು ಸರ್ವರಿಗೆ ಏರಿಸುವುದು. ಹನ್ನೆರಡು ಪುಟಗಳಲ್ಲಿ ಫೋನ್ ನಂಬರ್ ಇದ್ದರೆ ಹನ್ನೆರಡು ಕಡೆ ತಿದ್ದಬೇಕು. ಅದಕ್ಕೆ ಕೋಡ್ ಗೊತ್ತಿರುವವನೇ ಬೇಕು. ಈ ತೊಂದರೆಗೆ ಹುಟ್ಟಿದ ಉತ್ತರವೇ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಚಿಕ್ಕದಾಗಿ ಸಿಎಂಎಸ್. ಇದರಲ್ಲಿ ಸರಕು ಬೇರೆ, ಷೋಕೇಸ್ ಬೇರೆ. ನೀವು ಬರೆದ ಬರಹ, ದರ, ಫೋಟೊ, ನಂಬರ್ ಎಲ್ಲ ಡೇಟಾಬೇಸ್ ಎಂಬ ಗೋದಾಮಿನಲ್ಲಿ ಇರುತ್ತದೆ. ಅದು ಹೊರಗೆ ಹೇಗೆ ಕಾಣಬೇಕೆಂದು ನಿರ್ಧರಿಸುವುದು ‘ಥೀಮ್’. ಗಿರಾಕಿ ಪುಟ ತೆರೆದಾಗ ಗೋದಾಮಿನಿಂದ ಸರಕು ಬಂದು ಷೋಕೇಸಿನಲ್ಲಿ ಕೂರುತ್ತದೆ. ಥೀಮ್ ಬದಲಿಸಿದರೆ ಅಂಗಡಿಯ ಮುಖ ಬದಲಾಗುತ್ತದೆ, ಒಳಗಿನ ಸರಕು ಹಾಗೇ ಉಳಿಯುತ್ತದೆ. ಸರಕನ್ನು ಬದಲಿಸಲಿಕ್ಕೆ ಕೋಡ್ ಬೇಡ. ಯೂಸರ್ ನೇಮ್, ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ಇಮೇಲ್ ಬರೆಯುವ ಹಾಗೆ ಬರೆದು ಬಟನ್ ಒತ್ತಿದರಾಯಿತು.

ಇಂಥವು ಹಲವು ಇವೆ. ಡ್ರುಪಾಲ್ 2001ರಲ್ಲಿ ಬಂತು. ದೊಡ್ಡ ಸಂಸ್ಥೆಗಳಿಗೆ, ವಿಶ್ವವಿದ್ಯಾನಿಲಯಗಳಿಗೆ ಹೇಳಿಸಿದ್ದು, ಅಂಗಡಿಗೆ ಸ್ವಲ್ಪ ಭಾರ. 2005ರಲ್ಲಿ ಬಂದ ಜೂಮ್ಲಾದ ಹೆಸರು ಕೇಳಿದರೆ ನಮ್ಮವರಿಗೆ ಪರಿಚಯದ್ದು ಅನ್ನಿಸಬಹುದು. ಅದು ಸ್ವಾಹಿಲಿ ಭಾಷೆಯ ‘ಜುಮ್ಲಾ’, ಸ್ವಾಹಿಲಿಗೆ ಬಂದದ್ದು ಅರಬಿಯಿಂದ. ಎಲ್ಲ ಒಟ್ಟಾಗಿ ಎಂದರ್ಥ. ಆದರೆ ಇವತ್ತು ಮಾರುಕಟ್ಟೆಯನ್ನು ಆಳುತ್ತಿರುವುದು ವರ್ಡ್‌ಪ್ರೆಸ್. 2003ರ ಮೇ ತಿಂಗಳಲ್ಲಿ ಮ್ಯಾಟ್ ಮುಲ್ಲನ್‌ವೆಗ್, ಮೈಕ್ ಲಿಟ್ಲ್ ಎಂಬಿಬ್ಬರು ಬಿಡುಗಡೆ ಮಾಡಿದ ಈ ತಂತ್ರಾಂಶದ ಮೇಲೆ ಜಗತ್ತಿನ ಹತ್ತರಲ್ಲಿ ನಾಲ್ಕು ವೆಬ್‌ಸೈಟ್‌ಗಳು ನಡೆಯುತ್ತಿವೆ. ಅದಕ್ಕೆ ದುಡ್ಡಿಲ್ಲ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ದುಡ್ಡು ಬೀಳುವುದು ಡೊಮೈನ್ ಎಂಬ ವಿಳಾಸಕ್ಕೆ, ಹೋಸ್ಟಿಂಗ್ ಎಂಬ ಜಾಗಕ್ಕೆ ಮತ್ತು ಮಾಡಿಕೊಟ್ಟವರ ದುಡಿಮೆಗೆ.

ಇಲ್ಲಿ ಕಾಕನ ಮಗಳ ವಿಷಯ ಹೇಳಬೇಕು. ಬಿಕಾಂ ಮುಗಿಸಿ, ಸಣ್ಣ ಮಗು ಇರುವ ಕಾರಣ ಮನೆಯಲ್ಲಿದ್ದಾರೆ. ಅಂಗಡಿಯ ಜಿಎಸ್‌ಟಿ ಲೆಕ್ಕ ಅವರೇ ನೋಡುವುದು. ವೆಬ್‌ಸೈಟ್ ವಿಷಯ ಬಂದಾಗ ಅವರು ಫೋನ್‌ನಲ್ಲಿ ಅದರ ವಿಳಾಸದ ಕೊನೆಗೆ ಲಾಗಿನ್ ಪುಟದ ಹೆಸರು ಸೇರಿಸಿ ನೋಡಿದರಂತೆ. ವರ್ಡ್‌ಪ್ರೆಸ್‌ನ ಪರಿಚಯದ ಬಾಗಿಲು ತೆರೆಯಿತು. “ಬಾಪ, ಇದು ನಾವೇ ಬದಲಿಸಬಹುದಾದ ಸೈಟು. ನಮಗೆ ಪಾಸ್‌ವರ್ಡ್ ಕೊಟ್ಟಿಲ್ಲ ಅಷ್ಟೇ” ಎಂದರು. ಮೂರು ವರ್ಷದಿಂದ ಸೌಲಭ್ಯ ಅಲ್ಲೇ ಇತ್ತು. ಹುಡುಗ ಕೊಡಲಿಲ್ಲ, ಕಾಕ ಕೇಳಲಿಲ್ಲ. ಕೇಳಬೇಕೆಂದು ಗೊತ್ತೇ ಇರಲಿಲ್ಲ.

ಜುಬೈಲ್‌ನ ಹುಡುಗ ಶುಕ್ರವಾರ ರಜೆಯಲ್ಲಿ ಪಾಸ್‌ವರ್ಡ್ ಕಳಿಸಿದ. ಅದು ಬಂದ ಮೇಲೆ ಆಕೆ ಮೊದಲು ಮಾಡಿದ್ದು ನಂಬರ್ ಬದಲಿಸಿದ್ದಲ್ಲ. ಅಂಗಡಿಯಲ್ಲಿ ಯಾರಿಗೆ ಎಷ್ಟು ಅಧಿಕಾರ ಎಂದು ತೀರ್ಮಾನಿಸಿದ್ದು. ಇದು ಬುದ್ಧಿವಂತಿಕೆ. ವರ್ಡ್‌ಪ್ರೆಸ್‌ನಲ್ಲಿ ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಳ್ಳಬೇಕಾಗಿಲ್ಲ, ಹಂಚಿಕೊಳ್ಳಲೂ ಬಾರದು. ‘ಅಡ್ಮಿನಿಸ್ಟ್ರೇಟರ್’ ಅಂದರೆ ಯಜಮಾನ, ಅವನಿಗೆ ಎಲ್ಲವೂ ಸಾಧ್ಯ. ‘ಎಡಿಟರ್’ ಯಾವ ಬರಹವನ್ನೂ ತಿದ್ದಬಹುದು, ಪ್ರಕಟಿಸಬಹುದು, ಆದರೆ ಥೀಮ್ ಕಿತ್ತು ಹಾಕುವಂತಿಲ್ಲ. ‘ಆಥರ್’ ತನ್ನದನ್ನು ಮಾತ್ರ ಪ್ರಕಟಿಸಬಹುದು. ‘ಕಾಂಟ್ರಿಬ್ಯೂಟರ್’ ಬರೆದಿಡಬಹುದು, ಪ್ರಕಟಿಸಲಿಕ್ಕೆ ಮೇಲಿನವರ ಒಪ್ಪಿಗೆ ಬೇಕು. ಗಲ್ಲದ ಕೀಲಿ, ಗೋದಾಮಿನ ಕೀಲಿ, ಬರೀ ಶಟರ್ ಎತ್ತುವ ಹುಡುಗ ಎಂಬ ಹಾಗೆಯೇ. ಆಕೆ ತಾನು ಮತ್ತು ತನ್ನ ತಮ್ಮ ಅಡ್ಮಿನಿಸ್ಟ್ರೇಟರ್, ಅಂಗಡಿಯ ಹುಡುಗರಲ್ಲಿ ಒಬ್ಬನಿಗೆ ಆಥರ್ ಎಂದು ಇಟ್ಟರು. ಜುಬೈಲ್‌ನವನಿಗೆ ಎಡಿಟರ್ ಕೊಟ್ಟರು, ಕಷ್ಟ ಬಂದರೆ ನೋಡಲಿ ಎಂದು. ಕೆಲಸ ಬಿಟ್ಟು ಹೋದವರ ಖಾತೆಯನ್ನು ಅದೇ ದಿನ ತೆಗೆಯಬೇಕು. ಅದರಲ್ಲಿ ಅಪನಂಬಿಕೆಯ ಮಾತಿಲ್ಲ, ಕೀಲಿ ವಾಪಸು ತೆಗೆದುಕೊಂಡ ಹಾಗೆ.

ಕಾಕನಿಗೆ ಒಂದು ಹೆದರಿಕೆ ಇತ್ತು. “ಹುಡುಗರು ಏನಾದರೂ ಅಳಿಸಿಬಿಟ್ಟರೆ?” ಅದಕ್ಕೂ ಉತ್ತರ ಉಂಟು. ಪುಟವೊಂದನ್ನು ಪ್ರತಿ ಸಲ ಉಳಿಸಿದಾಗಲೂ ವರ್ಡ್‌ಪ್ರೆಸ್ ಹಳೆಯ ಪ್ರತಿಯನ್ನು ‘ರಿವಿಷನ್’ ಎಂದು ಇಟ್ಟುಕೊಳ್ಳುತ್ತದೆ. ಯಾರು, ಯಾವಾಗ ತಿದ್ದಿದರು ಎಂಬುದು ಅಲ್ಲಿ ಕಾಣುತ್ತದೆ, ಬೇಕಾದರೆ ಹಿಂದಿನದಕ್ಕೆ ಮರಳಬಹುದು. ಅಳಿಸಿದ ಪುಟ ನೇರ ಮಾಯವಾಗುವುದಿಲ್ಲ, ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ. ಫೋಟೊ ವಿಷಯದಲ್ಲಿ ಮಾತ್ರ ಎಚ್ಚರ, ಮೀಡಿಯಾ ಲೈಬ್ರರಿಯಿಂದ ಅಳಿಸಿದರೆ ಸಾಮಾನ್ಯವಾಗಿ ಅದು ಹೋಗಿಯೇ ಬಿಡುತ್ತದೆ.

ಇನ್ನು ಹಬ್ಬದ ಪಟ್ಟಿ. ಬರಹವನ್ನು ಮುಂಚೆಯೇ ಬರೆದು ಇಂಥ ದಿನ, ಇಂಥ ಹೊತ್ತಿಗೆ ತಾನಾಗಿ ಪ್ರಕಟವಾಗಲಿ ಎಂದು ಇಡುವ ಸೌಲಭ್ಯ ಸಿಎಂಎಸ್‌ಗಳಲ್ಲಿ ಇದೆ. ಕೇಳಲಿಕ್ಕೆ ಚೆಂದ, ಆದರೆ ನಮ್ಮ ಕ್ಯಾಲೆಂಡರಿಗೆ ಅದು ಅರ್ಧ ಮಾತ್ರ ಹೊಂದುತ್ತದೆ. ರಮಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಬರುತ್ತದೆ, ಮೇಲಾಗಿ ಚಂದ್ರ ಕಾಣಬೇಕು. ಖಾಝಿಯವರ ಘೋಷಣೆ ಬರುವ ಮುಂಚೆ ‘ನಾಳೆಯಿಂದ ಉಪವಾಸ’ ಎಂದು ವೆಬ್‌ಸೈಟ್ ಹೇಳಿಬಿಟ್ಟರೆ ಎಂಥ ಮುಜುಗರ! ಹಾಗಾಗಿ ಇಂಥವನ್ನು ‘ಡ್ರಾಫ್ಟ್’ ಆಗಿ ಸಿದ್ಧ ಮಾಡಿಟ್ಟು, ಚಂದ್ರದರ್ಶನದ ರಾತ್ರಿ ಫೋನ್‌ನಿಂದ ಒಂದು ಬಟನ್ ಒತ್ತುವುದೇ ಸರಿ. ದಿನ ಗೊತ್ತಿರುವ ವಿಷಯಕ್ಕೆ, ಉದಾಹರಣೆಗೆ ಹೊಸ ದರಪಟ್ಟಿಗೆ, ಸಮಯ ನಿಗದಿ ಮಾಡಬಹುದು. ಆದರೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ಸಮಯ ವಲಯ ನೋಡಿ. ಅದು ಅಂತಾರಾಷ್ಟ್ರೀಯ ಸಮಯದಲ್ಲೇ ಉಳಿದಿದ್ದರೆ ನಿಮ್ಮ ಹನ್ನೆರಡು ಗಂಟೆಯ ಬರಹ ಸಂಜೆ ಐದೂವರೆಗೆ ಹೊರಬರುತ್ತದೆ. ಕೋಲ್ಕತ್ತಾ ಎಂದು ಆರಿಸಿದರೆ ನಮ್ಮ ಗಡಿಯಾರ. ಇನ್ನೊಂದು, ವರ್ಡ್‌ಪ್ರೆಸ್‌ನ ಈ ಸಮಯದ ಕೆಲಸ ಯಾರಾದರೂ ಸೈಟ್ ತೆರೆದಾಗಲಷ್ಟೇ ಎಚ್ಚರಗೊಳ್ಳುವುದು. ಗಿರಾಕಿಗಳೇ ಬಾರದ ಸೈಟಿನಲ್ಲಿ ನಿಗದಿಯಾದ ಬರಹ ತಡವಾಗುವುದುಂಟು.

ಕನ್ನಡದಲ್ಲಿ ಬರೆಯುವವರಿಗೆ ಎರಡು ಗುಂಡಿಗಳಿವೆ. ನಾವೂ ಬಿದ್ದಿದ್ದೇವೆ, ಅದಕ್ಕೇ ಹೇಳುವುದು. ಮೊದಲನೆಯದು ಫಾಂಟ್. ಪ್ರೆಸ್ಸಿನವರು ಕರಪತ್ರಕ್ಕೆ ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಅಂಟಿಸಿದರೆ ವೆಬ್‌ಸೈಟಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ ಕಾಣುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಎರಡನೆಯದು ಪುಟದ ವಿಳಾಸ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಅದನ್ನು ವಾಟ್ಸ್ಆ್ಯಪ್‌ಗೆ ಹಾಕಿದರೆ ಶೇಕಡಾ ಚಿಹ್ನೆ, ಅಂಕಿ, ಅಕ್ಷರ ಸೇರಿ ಮೂರು ಸಾಲಿನ ಹಾವಿನಂಥ ಕೊಂಡಿ ಬರುತ್ತದೆ, ನೋಡಿದವರು ವೈರಸ್ ಎಂದು ಹೆದರುತ್ತಾರೆ. ಪ್ರಕಟಿಸುವ ಮುಂಚೆ ವಿಳಾಸದ ಜಾಗದಲ್ಲಿ ಎರಡು ಮೂರು ಇಂಗ್ಲಿಷ್ ಪದ ಬರೆದರೆ ಸಾಕು. ಒಂದೇ ಸೈಟಿನಲ್ಲಿ ಕನ್ನಡ, ಇಂಗ್ಲಿಷ್, ಗಲ್ಫ್ ಗಿರಾಕಿಗಳಿಗೆ ಅರಬಿ ಮೂರೂ ಬೇಕೆಂದಾದರೆ ಪಾಲಿಲ್ಯಾಂಗ್‌ನಂಥ ಪ್ಲಗಿನ್ ಬೇಕು. ಅರಬಿ ಬಲದಿಂದ ಎಡಕ್ಕೆ ಹೋಗುವುದನ್ನು ವರ್ಡ್‌ಪ್ರೆಸ್ ಬಲ್ಲುದು, ಆರಿಸಿದ ಥೀಮ್‌ಗೂ ಅದು ಗೊತ್ತಿರಬೇಕು. ಅರಬಿ ಅನುವಾದವನ್ನು ಬಲ್ಲ ಉಸ್ತಾದರೊಬ್ಬರಿಗೆ ತೋರಿಸದೆ ಹಾಕಬೇಡಿ.

ವೆಬ್‌ಸೈಟಿನಲ್ಲೇ ಮಾರಾಟ ಮಾಡಬೇಕೆಂದರೆ ವರ್ಡ್‌ಪ್ರೆಸ್‌ಗೆ ವೂಕಾಮರ್ಸ್ ಎಂಬ ಉಚಿತ ಪ್ಲಗಿನ್ ಇದೆ. 2011ರಲ್ಲಿ ಬಂದದ್ದು. ಅಜ್ವಾ ಖರ್ಜೂರ ಅರ್ಧ ಕಿಲೊ, ಒಂದು ಕಿಲೊ ಎಂದು ಒಂದೇ ಸರಕಿಗೆ ಬೇರೆ ಬೇರೆ ದರ ಇಡಬಹುದು. ಸ್ಟಾಕ್ ಎಷ್ಟಿದೆ ಎಂದು ಬರೆದರೆ ಮಾರಿದ ಹಾಗೆ ತಾನಾಗಿ ಕಡಿಮೆಯಾಗುತ್ತದೆ, ಖಾಲಿಯಾದರೆ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಮಂಗಳೂರಿನೊಳಗೆ ಒಂದು ಸಾಗಾಟ ದರ, ಬೆಂಗಳೂರಿಗೆ ಇನ್ನೊಂದು. ಬ್ಯಾಂಕಿಗೆ ಹಾಕುವುದು, ಸರಕು ಕೈಗೆ ಬಂದಾಗ ಹಣ ಕೊಡುವುದು ಮೊದಲೇ ಅದರಲ್ಲಿ ಇರುತ್ತದೆ. ಯುಪಿಐ, ಕಾರ್ಡ್ ಬೇಕಾದರೆ ಪೇಮೆಂಟ್ ಗೇಟ್‌ವೇ ಸೇರಿಸಬೇಕು, ಅವರು ತಮ್ಮ ಕಮಿಷನ್ ಹಿಡಿಯುತ್ತಾರೆ. ಇದೆಲ್ಲ ತಲೆನೋವು ಬೇಡ ಎನ್ನುವವರಿಗೆ ಕೆನಡಾದ ಶಾಪಿಫೈ ಉಂಟು. ತಿಂಗಳ ಬಾಡಿಗೆ ಕೊಟ್ಟರೆ ಹೋಸ್ಟಿಂಗ್, ಭದ್ರತೆ, ಅಪ್‌ಡೇಟ್ ಎಲ್ಲ ಅವರದೇ. ಸ್ವಂತ ಕಟ್ಟಡಕ್ಕೂ ಬಾಡಿಗೆ ಕೋಣೆಗೂ ಇರುವ ವ್ಯತ್ಯಾಸವೇ ಇದು. ಬಾಡಿಗೆ ನಿಲ್ಲಿಸಿದರೆ ಅಂಗಡಿ ನಿಲ್ಲುತ್ತದೆ. ಸರಕಿನ ಪಟ್ಟಿಯನ್ನು ಫೈಲಾಗಿ ಹೊರ ತರಬಹುದು, ಮಾಡಿಸಿದ ಅಲಂಕಾರ ಜೊತೆಗೆ ಬರುವುದಿಲ್ಲ.

ಆನ್‌ಲೈನ್‌ನಲ್ಲಿ ಮಾರುವವರಿಗೆ ಕಾನೂನೂ ಇದೆ. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಸಂಸ್ಥೆಯ ಹೆಸರು, ವಿಳಾಸ, ಸಂಪರ್ಕದ ನಂಬರ್, ದೂರು ಕೇಳುವವರ ವಿವರ ಸೈಟಿನಲ್ಲಿ ಸ್ಪಷ್ಟವಾಗಿ ಇರಬೇಕು. ದೂರು ಬಂದ 48 ಗಂಟೆಯೊಳಗೆ ಸಿಕ್ಕಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕಾಕನ ಸೈಟಿನ ಸತ್ತ ನಂಬರ್ ಈ ಲೆಕ್ಕದಲ್ಲೂ ತಪ್ಪೇ. ತಿನ್ನುವ ಸಾಮಾನು ಮಾರುವವರು 14 ಅಂಕಿಗಳ ಎಫ್ಎಸ್ಎಸ್ಎಐ ನಂಬರನ್ನೂ ಮರೆಯಬಾರದು.

ಈಗ ಅಪಾಯದ ಮಾತು. ವರ್ಡ್‌ಪ್ರೆಸ್‌ಗೆ ಅರವತ್ತು ಸಾವಿರ ಮೀರಿ ಉಚಿತ ಪ್ಲಗಿನ್‌ಗಳಿವೆ. ಬೇಕಾದ್ದಕ್ಕೆಲ್ಲ ಒಂದೊಂದು ಸಿಗುತ್ತದೆ, ಅದೇ ತೊಂದರೆ. ಸೈಟ್‌ಗಳಿಗೆ ಕಳ್ಳರು ನುಗ್ಗುವುದು ಹೆಚ್ಚಾಗಿ ಅಪ್‌ಡೇಟ್ ಮಾಡದೆ ಬಿಟ್ಟ ಪ್ಲಗಿನ್‌ಗಳ ತೂತಿನಿಂದ. ಹತ್ತು ಸಾಕಾಗುವಲ್ಲಿ ನಲವತ್ತು ಹಾಕಬೇಡಿ. ಬಳಸದ್ದನ್ನು ಬರೀ ನಿಲ್ಲಿಸಿದರೆ ಸಾಲದು, ತೆಗೆದೇ ಹಾಕಿ. ದುಡ್ಡು ಕೊಟ್ಟು ಕೊಳ್ಳಬೇಕಾದ ಥೀಮನ್ನು ‘ನಲ್ಡ್’ ಎಂದು ಟೆಲಿಗ್ರಾಂನಲ್ಲಿ ಬಿಟ್ಟಿ ಹಂಚುವವರಿದ್ದಾರೆ. ಅದರೊಳಗೆ ಗುಟ್ಟಿನ ಕೋಡ್ ಸೇರಿಸಿರುವುದು ಸಾಮಾನ್ಯ. ಕೆಲವು ತಿಂಗಳು ಸುಮ್ಮನಿದ್ದು, ಆಮೇಲೆ ಖರ್ಜೂರದ ಸೈಟು ಜೂಜಿನ ಜಾಹೀರಾತು ತೋರಿಸಲಿಕ್ಕೆ ಶುರು ಮಾಡುತ್ತದೆ. ನಮ್ಮ ಅಂಗಡಿಯ ಹೆಸರಿನಲ್ಲಿ ಅಂಥದ್ದು ಬಂದರೆ ಮಾನ ಯಾರದ್ದು ಹೋಗುವುದು?

ಬ್ಯಾಕಪ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಒಂದು ಮಾತು ಬಿಟ್ಟುಹೋಗುತ್ತದೆ. ಅದೇ ಸರ್ವರಿನಲ್ಲಿ ಇಟ್ಟ ಬ್ಯಾಕಪ್, ಅಂಗಡಿಯೊಳಗೇ ನೇತುಹಾಕಿದ ಬದಲಿ ಕೀಲಿ ಇದ್ದಂತೆ. ಸರ್ವರ್ ಹೋದರೆ ಅದೂ ಹೋಯಿತು. ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಪ್ಲಗಿನ್‌ನಿಂದ ಗೂಗಲ್ ಡ್ರೈವ್‌ಗೆ ಕಳಿಸುವ ಹಾಗೆ ಮಾಡಿದರೆ ನಿಶ್ಚಿಂತೆ.

ಎಲ್ಲಕ್ಕಿಂತ ದೊಡ್ಡ ವಿಷಯ ಒಡೆತನದ್ದು. ಕಾಕನ ಮಗಳು ಸೈಟಿನ ಒಳಗೆ ಹೋದ ಮೇಲೂ ಮನೆ ಇನ್ನೂ ಅವರದಾಗಿರಲಿಲ್ಲ. ಡೊಮೈನ್ ಆ ಹುಡುಗನ ಹೆಸರಿನಲ್ಲಿ, ಅವನ ಇಮೇಲ್‌ನಲ್ಲಿ ಇತ್ತು. ಅವಧಿ ಮುಗಿಯಲಿಕ್ಕೆ ಏಳು ವಾರ ಬಾಕಿ. ನವೀಕರಿಸಲಿಕ್ಕೆ ನೆನಪಿಸುವ ಪತ್ರಗಳೆಲ್ಲ ಅವನು ತೆರೆಯದ ಇಮೇಲ್‌ಗೆ ಹೋಗುತ್ತಿದ್ದವು. ಅವಧಿ ಮುಗಿದು ಕೆಲ ವಾರಗಳ ವಿನಾಯಿತಿಯೂ ಕಳೆದರೆ ಆ ವಿಳಾಸವನ್ನು ಯಾರು ಬೇಕಾದರೂ ಕೊಳ್ಳಬಹುದು. ಕಾಕನ ತಂದೆ ಇಟ್ಟ ಅಂಗಡಿಯ ಹೆಸರು ಅದು.

ಆದ್ದರಿಂದ ವೆಬ್‌ಸೈಟ್ ಮಾಡಿಸುವವರು ದುಡ್ಡು ಕೊಡುವ ಮುಂಚೆ ಇಷ್ಟು ಕೇಳಿ: ಡೊಮೈನ್ ನಮ್ಮ ಹೆಸರಲ್ಲಿ, ನಮ್ಮ ಇಮೇಲ್‌ನಲ್ಲಿ, ನಮ್ಮ ಕಾರ್ಡಿನಿಂದ ಕೊಂಡದ್ದಾ? ಹೋಸ್ಟಿಂಗ್‌ನ ಖಾತೆ ಯಾರದ್ದು? ಅಡ್ಮಿನಿಸ್ಟ್ರೇಟರ್ ಖಾತೆ ನಮಗೂ ಉಂಟಾ? ಪಾಸ್‌ವರ್ಡ್ ಮರೆತರೆ ಹೊಸತು ಮಾಡುವ ಪತ್ರ ಯಾವ ಇಮೇಲ್‌ಗೆ ಬರುತ್ತದೆ? ಅಂಗಡಿಗೆಂದೇ ಒಂದು ಇಮೇಲ್ ಮಾಡಿ, ಮನೆಯ ಇಬ್ಬರಿಗೆ ಅದು ತೆರೆಯಲಿಕ್ಕೆ ಬರುವಂತೆ ಇಡಿ. ಮಾಡಿಕೊಡುವ ಹುಡುಗರಿಗೂ ಒಂದು ಮಾತು. ನಿಮ್ಮ ಬಳಿ ಇರುವ ಪಾಸ್‌ವರ್ಡ್ ಅಮಾನತ್. ಕೆಲಸ ಮುಗಿದ ದಿನವೇ ಅದನ್ನು ಒಪ್ಪಿಸಿ, ಅರ್ಧ ಗಂಟೆ ಕೂತು ಕಲಿಸಿ. ಗಿರಾಕಿ ಹಿಂದೆ ಬರಲಿ ಎಂದು ಕೀಲಿ ಹಿಡಿದಿಟ್ಟುಕೊಳ್ಳುವವರೂ ಇದ್ದಾರೆಂದು ಕೇಳಿದ್ದೇವೆ. ಅದು ವ್ಯಾಪಾರವಲ್ಲ.

ಎಲ್ಲರಿಗೂ ವೆಬ್‌ಸೈಟ್ ಬೇಕೇ ಬೇಕು ಎಂದು ನಾವು ಹೇಳುವುದಿಲ್ಲ. ದಿನದ ಮೀನು ದಿನವೇ ಮಾರುವವರಿಗೆ ವಾಟ್ಸ್ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗ್ ಸಾಕು, ಬೆಳಿಗ್ಗೆ ದರ ಹಾಕಿದರೆ ಮಧ್ಯಾಹ್ನಕ್ಕೆ ಖಾಲಿ. ಮದುವೆ ಕ್ಯಾಟರಿಂಗ್, ಉಮ್ರಾ ಯಾತ್ರೆಯ ಏಜೆನ್ಸಿ, ಮರದ ಮಿಲ್ಲು, ಉಡುಗೊರೆ ಪೆಟ್ಟಿಗೆಯವರು, ಇಂಥವರನ್ನು ಮಾತ್ರ ಗಿರಾಕಿ ಎರಡು ತಿಂಗಳ ಮುಂಚೆ ದೂರದ ಊರಿನಲ್ಲಿ ಕೂತು ಹುಡುಕುತ್ತಾನೆ. ಅವರಿಗೆ ಬೇಕು. ಇಟ್ಟುಕೊಂಡ ಮೇಲೆ ವಾರಕ್ಕೊಮ್ಮೆಯಾದರೂ ಧೂಳು ಹೊಡೆಯಬೇಕು.

ಡೊಮೈನ್ ವರ್ಗಾವಣೆಗೆ ಒಂದು ಗುಟ್ಟಿನ ಕೋಡ್ ಬೇಕಿತ್ತು. ಹುಡುಗ ಹಳೇ ಇಮೇಲ್‌ನ ಪಾಸ್‌ವರ್ಡ್ ಮರೆತಿದ್ದ, ಅದಕ್ಕೆ ಕೊಟ್ಟಿದ್ದ ಊರಿನ ಸಿಮ್ ಅವನ ಉಮ್ಮನ ಫೋನ್‌ನಲ್ಲಿತ್ತು. ಕಾಕನ ಮಗ ಬಿ.ಸಿ.ರೋಡಿನ ಅವರ ಮನೆಗೆ ಹೋಗಿ, ಚಹಾ ಕುಡಿದು, ಆ ಫೋನ್‌ಗೆ ಬಂದ ಒಟಿಪಿ ಓದಿ ಹೇಳಿ, ಮೂರನೆಯ ಪ್ರಯತ್ನಕ್ಕೆ ಕೋಡ್ ಸಿಕ್ಕಿತು. ಡೊಮೈನ್ ಈಗ ಅಂಗಡಿಯ ಹೆಸರಿನಲ್ಲಿದೆ. ನಂಬರ್ ಬದಲಿಸಲಿಕ್ಕೆ ಮಗಳಿಗೆ ಹಿಡಿದದ್ದು ನಾಲ್ಕು ನಿಮಿಷ, ಮಗು ಅಳುತ್ತಿತ್ತು ಅಂತ ಅಷ್ಟು ಎಂದು ನಕ್ಕರು.

ಮೊನ್ನೆ ಮತ್ತೆ ಬಂದರಿಗೆ ಹೋಗಿದ್ದೆವು. ಕಾಕ ಫೋನ್ ಹಿಡಿದು ಸೈಟ್ ತೋರಿಸಿದರು. ಹಸಿರು ಪಟ್ಟಿ ಹೋಗಿದೆ. ದಮ್ಮಾಮ್‌ನವರಿಗೆ ಹೊಸ ಕೊಂಡಿ ಕಳಿಸಿದ್ದಾರಂತೆ. ಅವರ ಎರಡನೇ ಮಗಳ ನಿಶ್ಚಿತಾರ್ಥ ಆಗಿದೆ, ತಾರೀಕು ಇನ್ನೂ ಇಟ್ಟಿಲ್ಲ.